ಡಬ್ಬದ ಮೇಲಿನ 3000 ನಂಬಬೇಡ್ರಪ್ಪ

ರಜೆಗೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಊರಿಗೆ ಹೋದರೆ ಇಂಜಿನಿಯರಿಂಗ್ ಓದೋರನ್ನ ಎಲ್ಲರೂ ಕೇಳೋದು ಒಂದೇ: "ಹಿಂದಿನ ರೂಮಿಗೆ ವೈಫೈ ಬರಲ್ಲ, ಯಾವ ರೂಟರ್ ತಗೊಳ್ಳೋದು?" ನಮ್ಮಲ್ಲಿ ಬಹಳ ಜನ ಥಟ್ ಅಂತ ಒಂದು ದುಬಾರಿ ಮಾಡೆಲ್ ಹೆಸರು ಹೇಳಿಬಿಡ್ತಾರೆ. ಇದು ಸರಿಯಲ್ಲ ಅಂತೀನಿ.

ಡಬ್ಬದ ಮೇಲೆ ಎಎಕ್ಸ್ 3000 ಅಂತ ಇರುತ್ತಲ್ಲ, ಅದು 2.4 ಗಿಗಾಹರ್ಟ್ಸ್‌ನ 574, 5 ಗಿಗಾಹರ್ಟ್ಸ್‌ನ 2402 ಎಂಬಿಪಿಎಸ್ ಕೂಡಿಸಿ ದುಂಡು ಮಾಡಿದ ಲೆಕ್ಕ. ಫೋನು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಬ್ಯಾಂಡ್ ಹಿಡಿಯೋದು. ದಪ್ಪ ಗೋಡೆ ದಾಟುವಾಗ 5 ಗಿಗಾಹರ್ಟ್ಸ್ ಬೇಗ ಸೊರಗುತ್ತೆ. ರೂಟರ್ ಎಷ್ಟೇ ಜೋರಾಗಿ ಕೂಗಲಿ, ಫೋನಿನ ಸಣ್ಣ ಆಂಟೆನಾ ಓಗೊಟ್ಟಿದ್ದು ಅದಕ್ಕೂ ಕೇಳಿಸಬೇಕಲ್ಲ?

ಅದಕ್ಕೇ ಮೊದಲು ಅಳೀರಿ. ವೈಫೈ ಅನಲೈಸರ್ ಆ್ಯಪ್ ಹಾಕ್ಕೊಂಡು ಒಂದೊಂದು ರೂಮಲ್ಲೂ ಸಿಗ್ನಲ್ ಬರ್ಕೊಳ್ಳಿ. −67 ಡಿಬಿಎಂ ಇದ್ದರೆ ವಿಡಿಯೋ ಕ್ಲಾಸಿಗೆ ಸಾಕು. −80 ಆದರೆ ಕಷ್ಟ. 10 ಡಿಬಿ ಇಳಿದರೆ ಪವರ್ ಹತ್ತನೇ ಒಂದು ಭಾಗಕ್ಕೆ ಇಳೀತು ಅಂತ ಅರ್ಥ. ಆಮೇಲೆ ಟಿವಿ ಹಿಂದೆ ಅಡಗಿರೋ ರೂಟರನ್ನ ಮನೆ ನಡುವೆ, ಎತ್ತರದಲ್ಲಿಟ್ಟು ಮತ್ತೆ ಅಳೀರಿ. ಇದಕ್ಕೆ ಖರ್ಚೇ ಇಲ್ಲ.

ಆಗಲೂ ಸಾಲದಿದ್ದರೆ ಹಿಂದಿನ ರೂಮಿಗೆ ಕ್ಯಾಟ್ 6 ಕೇಬಲ್ ಎಳೆದು ಒಂದು ಸಾಧಾರಣ ಆ್ಯಕ್ಸೆಸ್ ಪಾಯಿಂಟ್ ಹಾಕಿ. ಒಂದೇ ಚಾನೆಲ್‌ನಲ್ಲಿ ಕೇಳಿ ಮತ್ತೆ ಕಳಿಸೋ ರಿಪೀಟರ್‌ನಿಂದ ವೇಗ ಹೆಚ್ಚುಕಮ್ಮಿ ಅರ್ಧ ಆಗುತ್ತೆ. ಕೇಬಲ್‌ಗೆ ಆ ತೊಂದರೆ ಇಲ್ಲ.

ಕಬ್ಬಿನ ಬಿಲ್ ಬಂದ ಮೇಲೇ ಹೊಸ ಸಾಮಾನು ತರೋ ಮನೆಗಳವು. ನಮ್ಮ ಓದು ನಂಬಿ ದುಡ್ಡು ಹಾಕ್ತಾರೆ. ಮಾಡೆಲ್ ಹೆಸರು ಹೇಳೋ ಮುಂಚೆ ಅರ್ಧ ಗಂಟೆ ಅವರ ಮನೆಯೊಳಗೆ ಫೋನ್ ಹಿಡಿದು ಓಡಾಡೋಣ.