ಸಂತೆಯ ಬೆಲೆ, ಹೊಲದ ಬೆಲೆ

ಮುಂಗಾರು ಹಿಡಿದರೆ ತರಕಾರಿ ತುಟ್ಟಿಯಾಗುವುದು ಪ್ರತಿ ವರ್ಷದ ಅನುಭವ. ಆದರೂ 2023ರ ಜುಲೈ ತಿಂಗಳಲ್ಲಿ ಸಂತೆಗೆ ಹೋದ ಬಡ ಗೃಹಿಣಿಗೆ ಆದ ದಿಗ್ಭ್ರಮೆಯನ್ನು ನಾವಿನ್ನೂ ಮರೆತಿಲ್ಲ. ಒಂದು ಕಿಲೋ ಟೊಮೆಟೊಗೆ ನೂರು ರೂಪಾಯಿಗೂ ಮಿಗಿಲು! ಚೀಲ ಹಿಡಿದು ಬಂದವರು ನಾಲ್ಕು ಹಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದರು; ಉಳಿದವರು ಸಾರಿಗೆ ಹುಣಿಸೆಹಣ್ಣೇ ಸಾಕೆಂದರು. ಬೇಲೂರು ತಾಲ್ಲೂಕಿನಲ್ಲಿ ಹೊಲಕ್ಕೇ ನುಗ್ಗಿ ಹಣ್ಣು ಕದ್ದ ಸುದ್ದಿಯೂ ಬಂತು.

ಬಳಕೆದಾರರ ಕೋಪ ನ್ಯಾಯವಾದದ್ದೇ. ಆದರೆ ಆ ಕೋಪ ರೈತನ ಕಡೆಗೆ ತಿರುಗಿದ್ದು ನಮಗೆ ಸರಿಯೆನಿಸಲಿಲ್ಲ. ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿದ್ದು ನಿಜ. ಎಲೆ ಮುದುಡುವ ರೋಗ, ಅಕಾಲದ ಮಳೆ ಎರಡೂ ಸೇರಿ ಬೆಳೆ ಕೆಟ್ಟಿತ್ತು. ಯಾರ ಹೊಲದಲ್ಲಿ ಉಳಿಯಿತೋ ಅವರು ನಾಲ್ಕು ಕಾಸು ಕಂಡರು, ಕಳೆದುಕೊಂಡವರನ್ನು ಕೇಳಿದವರಾರು? ಸೆಪ್ಟೆಂಬರ್ ಹೊತ್ತಿಗೆ ಬೆಲೆ ಬಿದ್ದು, ನೆರೆಯ ಆಂಧ್ರದ ಕರ್ನೂಲು ಜಿಲ್ಲೆಯ ರೈತರು ಅದೇ ಹಣ್ಣನ್ನು ರಸ್ತೆಗೆ ಸುರಿದರು. ಆಗ ಪಟ್ಟಣದಲ್ಲಿ ಯಾರಿಗೂ ದಿಗ್ಭ್ರಮೆಯಾಗಲಿಲ್ಲ.

ಬೆಲೆ ಏರಿದಾಗ ಕೇಂದ್ರ ಸರ್ಕಾರದವರು ಎಚ್ಚತ್ತ ವೇಗವನ್ನು ನೋಡಿರಿ. ನಮ್ಮ ಕಡೆಯಿಂದಲೇ ಹಣ್ಣು ಕೊಂಡು ಜುಲೈ 14ರಿಂದ ದೆಹಲಿಯಲ್ಲಿ ಕಿಲೋಗೆ 90 ರೂಪಾಯಿಯಂತೆ ಮಾರಿಸಿದರು. ಆಗಸ್ಟಿನಲ್ಲಿ ನೇಪಾಳದಿಂದ ಆಮದು ಮಾಡುವ ಮಾತನ್ನು ಅರ್ಥಮಂತ್ರಿಗಳು ಪಾರ್ಲಿಮೆಂಟಿನಲ್ಲೇ ಆಡಿದರು. ಅದೇ ತಿಂಗಳು ಈರುಳ್ಳಿಗೆ ಶೇ. 40 ರಫ್ತು ಸುಂಕ. ಡಿಸೆಂಬರಿನಲ್ಲಿ ರಫ್ತೇ ಬಂದ್. ಬೆಲೆ ಬಿದ್ದಾಗ ಈ ಚುರುಕುತನ ಎಲ್ಲಿ ಅಡಗುತ್ತದೆ? ಟೊಮೆಟೊ, ಈರುಳ್ಳಿ, ಆಲೂಗಡ್ಡೆಗಳ ಏರಿಳಿತ ತಡೆಯಲೆಂದೇ 2018ರ ಬಜೆಟ್ಟಿನಲ್ಲಿ 500 ಕೋಟಿ ರೂಪಾಯಿಯ ‘ಆಪರೇಷನ್ ಗ್ರೀನ್ಸ್’ ಸಾರಿದ್ದರು. ಐದು ವರ್ಷ ಕಳೆದ ಮೇಲೆ ಸಂತೆಯಲ್ಲಿ ಜನ ಕಂಡದ್ದು ಇದು.

ರಿಸರ್ವ್ ಬ್ಯಾಂಕಿನಿಂದ 2024ರಲ್ಲಿ ಹೊರಬಂದ ಅಧ್ಯಯನವೊಂದರ ಪ್ರಕಾರ, ಟೊಮೆಟೊಗೆ ಬಳಕೆದಾರ ತೆರುವ ಒಂದು ರೂಪಾಯಿಯಲ್ಲಿ ಬೆಳೆದವನಿಗೆ ಸೇರುವುದು ಸುಮಾರು 33 ಪೈಸೆ, ಈರುಳ್ಳಿಯಲ್ಲಿ 36. ಮಿಕ್ಕಿದ್ದೆಲ್ಲ ಲಾಭಕೋರರ ಜೇಬಿಗೆ ಎಂದು ನಾವು ಹೇಳುವುದಿಲ್ಲ. ಲಾರಿ ಬಾಡಿಗೆಯಿದೆ, ಹಮಾಲಿಯಿದೆ, ಕೊಳೆತು ಹೋಗುವುದಿದೆ, ಗಾಡಿ ತಳ್ಳುವವನ ಹೊಟ್ಟೆಪಾಡೂ ಇದೆ. ಆದರೆ ಮೇಷ್ಟರ ಕೆಲಸ ಬಿಟ್ಟರೂ ಲೆಕ್ಕ ಕೇಳುವ ಚಾಳಿ ನಮ್ಮನ್ನು ಬಿಟ್ಟಿಲ್ಲ. ಆ 67 ಪೈಸೆಯ ಬಾಬುವಾರು ಲೆಕ್ಕವನ್ನು ಮಾರುಕಟ್ಟೆ ಸಮಿತಿಯ ಬೋರ್ಡಿನ ಮೇಲೆ ಬರೆಯಲು ಏನು ಅಡ್ಡಿ?

ಎರಡು ಸುಗ್ಗಿಗಳ ನಡುವೆ ಧಾನ್ಯದ ಬೆಲೆ ಏರುವುದಕ್ಕೂ ಇಳಿಯುವುದಕ್ಕೂ ಮಿತಿ ಬೇಕೆಂದು ಡಾ. ಲೋಹಿಯಾ ಅವರು ಕೇಳಿದ್ದರು. ಟೊಮೆಟೊ ಧಾನ್ಯದಂತೆ ಕೂಡಿಡುವ ವಸ್ತುವಲ್ಲ, ಒಪ್ಪಿದೆವು. ಹಾಗಿರುವುದರಿಂದಲೇ ಬೆಳೆಯುವ ತಾಲ್ಲೂಕುಗಳಲ್ಲಿ ಶೈತ್ಯಾಗಾರವೂ ಹಣ್ಣನ್ನು ರಸ ಮಾಡಿ ಕಾಪಿಡುವ ಕಾರ್ಖಾನೆಯೂ ಬೇಕು. ಬೆಲೆ ಬಿದ್ದ ದಿನ ಸಹಕಾರ ಸಂಘ ಕಟ್ಟೆಗೆ ಬಂದು ಕೊಳ್ಳಬೇಕು. ಏರಿದ ದಿನ ಅದೇ ಸಂಘದ ಅಂಗಡಿಯಲ್ಲಿ ಕೂಲಿಕಾರನಿಗೆ ಹಣ್ಣು ಸಿಗಬೇಕು.

ಈ ಬೇಡಿಕೆಯನ್ನು ಜಿಲ್ಲಾಧಿಕಾರಿಗಳ ಮುಂದಿಡಲು ನಮಗೆ ಓದುಗರ ನೆರವು ಬೇಕಾಗಿದೆ. ಸಂತೆಗೆ ಹೋಗುವವರು ಕೊಟ್ಟ ಬೆಲೆಯನ್ನೂ, ಬೆಳೆಗಾರರು ಅದೇ ವಾರ ಪಡೆದ ಬೆಲೆಯನ್ನೂ ಊರು, ತಾರೀಖು ಸಹಿತ ಒಂದು ಕಾರ್ಡಿನಲ್ಲಿ ಬರೆದು ನಮ್ಮ ಕಚೇರಿಗೆ ಕಳುಹಿಸಬೇಕು. ಎರಡನ್ನೂ ಅಕ್ಕಪಕ್ಕದಲ್ಲಿ ಅಚ್ಚು ಹಾಕುತ್ತೇವೆ.