ಕಿಟ್ ಕೊಟ್ಟೆವು, ಮಾತು ಕೇಳಲಿಲ್ಲ

2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಲಾಕ್‌ಡೌನ್ ಘೋಷಿಸಿದ ಪ್ರಧಾನಿ, ದೇಶಕ್ಕೆ ಕೊಟ್ಟದ್ದು ನಾಲ್ಕೇ ಗಂಟೆಯ ಗಡುವು. ಆಮೇಲೆ ಹೆದ್ದಾರಿಗಳಲ್ಲಿ ಗಂಟುಮೂಟೆ ಹೊತ್ತು ನಡೆದವರನ್ನು ನಾಡೇ ಕಂಡಿದೆ. ಅದರ ನಡುವೆಯೇ ರಂಜಾನ್ ಬಂತು. ನಾವು ಅಕ್ಕಿಬೇಳೆಯ ಕಿಟ್ ಹಂಚಿದೆವು, ಫೋಟೋವನ್ನೂ ತೆಗೆಸಿಕೊಂಡೆವು. ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತೆಂದುಕೊಂಡೆವು. ಮುಗಿದಿರಲಿಲ್ಲ.

ಅದೇ ರಂಜಾನ್‌ನಲ್ಲಿ, ಮೇ 5ರಂದು, ಮುಖ್ಯಮಂತ್ರಿ ಯಡಿಯೂರಪ್ಪನವರು ಬಿಲ್ಡರ್‌ಗಳೊಡನೆ ಸಭೆ ನಡೆಸಿದರು. ಅಂದೇ ಸರ್ಕಾರ, ವಲಸೆ ಕಾರ್ಮಿಕರ ವಿಶೇಷ ರೈಲುಗಳು ನಾಳೆಯಿಂದ ಬೇಡವೆಂದು ರೈಲ್ವೆಗೆ ಪತ್ರ ಬರೆಯಿತು. ಹೋಗಬೇಕಾದವನು ಕಾರ್ಮಿಕ. ಅವನನ್ನು ಯಾರಾದರೂ ಒಂದು ಮಾತು ಕೇಳಿದರೇ? ಎಲ್ಲೆಡೆಯಿಂದ ಛೀಮಾರಿ ಬಿದ್ದ ಮೇಲೆ ಎರಡೇ ದಿನದಲ್ಲಿ ಸರ್ಕಾರ ಹಿಂದೆ ಸರಿಯಿತು, ನಿಜ. ಆದರೆ ಅಂಥ ಪತ್ರ ಬರೆಯುವ ಧೈರ್ಯ ಬಂದದ್ದೆಲ್ಲಿಂದ? ಬಿಹಾರದ ಕೂಲಿಯವನಿಗೆ ಇಲ್ಲಿ ಓಟಿಲ್ಲವೆಂಬ ಖಾತ್ರಿಯಿಂದ. ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ, ಸತ್ತ ವಲಸೆ ಕಾರ್ಮಿಕರ ಲೆಕ್ಕವೇ ತನ್ನಲ್ಲಿಲ್ಲವೆಂದು ಸಂಸತ್ತಿಗೆ ತಿಳಿಸಿತು. ಓಟಿನ ಲೆಕ್ಕಕ್ಕಿಲ್ಲದವರು ಸಾವಿನ ಲೆಕ್ಕಕ್ಕೂ ಇಲ್ಲ!

ಅದೇ ವರ್ಷ ನವೆಂಬರ್ 3ರಂದು ನಮ್ಮ ಶಿರಾದಲ್ಲಿ ಉಪಚುನಾವಣೆ. ರೋಗ ಇನ್ನೂ ಹೋಗಿರಲಿಲ್ಲ. ಆದರೂ ಮಂತ್ರಿಗಳು ಬಂದರು, ಮುಖ್ಯಮಂತ್ರಿಗಳೂ ಬಂದು ಮದಲೂರು ಕೆರೆಗೆ ನೀರು ತುಂಬಿಸುವ ಭರವಸೆ ಕೊಟ್ಟರು. ನಮ್ಮ ಬರದ ಸೀಮೆಯಿಂದಲೂ ಜನ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಓಟಿನ ದಿನ ಅವರನ್ನು ಕರೆತರಲು ಪಕ್ಷಗಳು ವಾಹನ ಗೊತ್ತುಮಾಡುವುದು ಇಲ್ಲಿ ಗುಟ್ಟಿನ ಸಂಗತಿಯಲ್ಲ. ಓಟಿದ್ದವನಿಗೆ ಬಸ್ಸು, ಇಲ್ಲದವನಿಗೆ ನಡಿಗೆ. ಇದೇ ನಮ್ಮ ಪ್ರಜಾಪ್ರಭುತ್ವದ ರಸ್ತೆ ನಿಯಮ.

‘ಅವನ ಊರಲ್ಲಿ ಓಟಿದೆಯಲ್ಲ, ಅಲ್ಲಿ ಹೋಗಿ ಹಾಕಲಿ’ ಎನ್ನುವವರಿದ್ದಾರೆ. ಕೂಲಿ ಕಳೆದುಕೊಂಡು, ರೈಲಿನ ಖರ್ಚು ಹೊತ್ತು ಹಾಕಿದ ಆ ಓಟಿಗೆ ಇಲ್ಲಿಯ ಮಂತ್ರಿ ಏಕೆ ಹೆದರಬೇಕು? ವಾಸವಿರುವಲ್ಲಿಯೇ ಮತದಾರನಾಗಲು 1950ರ ಜನತಾ ಪ್ರಾತಿನಿಧ್ಯ ಕಾಯ್ದೆ ಅಡ್ಡಿ ಮಾಡುವುದಿಲ್ಲ. ಅಡ್ಡಿಯಾಗಿರುವುದು ತಗಡಿನ ಶೆಡ್ಡಿನಲ್ಲಿಟ್ಟು ದುಡಿಸಿಕೊಂಡು, ವಿಳಾಸಕ್ಕೊಂದು ಚೀಟಿ ಕೊಡದ ಗುತ್ತಿಗೆದಾರ; ಅದನ್ನು ಕಂಡೂ ಸುಮ್ಮನಿರುವ ನಾವು.

ಜಕಾತ್ ಬಡವನ ಹಕ್ಕು, ಕೊಡುವವನ ಕೃಪೆಯಲ್ಲ ಎಂದು ಕೇಳುತ್ತಲೇ ಬೆಳೆದವರು ನಾವು. ಅನ್ನ ಹಕ್ಕಾದರೆ ಮಾತೂ ಹಕ್ಕೇ. ಮುಂದಿನ ರಂಜಾನ್‌ನಲ್ಲಿ ನಮ್ಮ ಮಸೀದಿ ಕಮಿಟಿಗಳು, ಯುವಕ ಸಂಘಗಳು ಕಿಟ್ಟಿನ ಜೊತೆ ಮತದಾರರ ಪಟ್ಟಿಯ ಅರ್ಜಿಯನ್ನೂ ಹಿಡಿದು ಶೆಡ್ಡುಗಳಿಗೆ ಹೋಗಲಿ. ಅಲ್ಲಿರುವವರ ಜಾತಿ, ಧರ್ಮ, ಭಾಷೆ ವಿಚಾರಿಸುವುದು ಬೇಡ. ‘ನಿಮಗೇನು ಬೇಕು?’ ಎಂದು ಕೇಳೋಣ. ಕೇಳಿ, ಅವರು ಹೇಳುವವರೆಗೆ ಸುಮ್ಮನೆ ಕೂರೋಣ.