ಅವ್ವನ ಹೆಬ್ಬೆಟ್ಟಿಗೆ ಮೊದಲು



ಕೋಲಾರದ ಕಡೆಯ ಬಸ್ಸು ಕೆ.ಆರ್. ಪುರದಲ್ಲಿ ನಮ್ಮನ್ನೂ ಇಳಿಸುತ್ತೆ, ನಮ್ಮ ಅವ್ವಂದಿರನ್ನೂ ಇಳಿಸುತ್ತೆ. ನಾವು ಚೀಲ ಹೊತ್ತು ಹಾಸ್ಟೆಲಿಗೆ. ಅವರು ಸೆರಗಿನ ಗಂಟಲ್ಲಿ ಚೀಟಿ ಕಟ್ಟಿಕೊಂಡು ಶಿವಾಜಿನಗರದ ಬೌರಿಂಗಿಗೆ, ಗೋಷಾ ಆಸ್ಪತ್ರೆಗೆ. ಅಲ್ಲಿಂದ ಬರೆದುಕೊಟ್ಟರೆ ಕಿದ್ವಾಯಿಗೆ. ಏನವ್ವ ಕಾಯಿಲೆ ಅಂದರೆ ಹೇಳಲ್ಲ. 'ಹೆಂಗಸರದ್ದು ಬಿಡಪ್ಪ' ಅಂತ ಮುಖ ತಿರುಗಿಸ್ತಾರೆ. ಬಿಳಿ ಸೆರಗು ಹೋಗೋದನ್ನ, ಮುಟ್ಟು ನಿಂತ ಮೇಲೂ ರಕ್ತ ಹೋಗೋದನ್ನ ಬಚ್ಚಿಟ್ಟುಕೊಂಡೇ ಕೂಲಿಗೆ ಹೋಗಿರ್ತಾರೆ. ಬಾಯಿ ಬಿಡುವ ಹೊತ್ತಿಗೆ ಕಾಯಿಲೆ ಬಲಿತಿರುತ್ತೆ.

ಹೀಗೆ ಬಚ್ಚಿಟ್ಟ ಎಷ್ಟೋ ಕಾಯಿಲೆ ಕೊನೆಗೆ ಗರ್ಭಕಂಠದ ಕ್ಯಾನ್ಸರ್ ಆಗಿರುತ್ತೆ. 2022ರ ಅಂದಾಜಿನಂತೆ ಆ ಒಂದೇ ವರ್ಷ ಈ ದೇಶದಲ್ಲಿ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಇದು ಬಂತು, ಸುಮಾರು 80 ಸಾವಿರ ಹೆಂಗಸರು ಸತ್ತರು. ಇದು ಹಣೆಬರಹವಲ್ಲ, ಮಾಟವಲ್ಲ, ಆ ತಾಯಂದಿರ ನಡತೆಗೆ ಸಿಕ್ಕ ಶಿಕ್ಷೆಯೂ ಅಲ್ಲ. ಎಚ್‌ಪಿವಿ ಅನ್ನೋ ವೈರಸ್ಸಿನ ಕೆಲಸ. ದೇಹಸಂಪರ್ಕದಿಂದ ಹರಡುತ್ತೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತೆ. ಕೆಲವರಲ್ಲಿ ಮಾತ್ರ ಉಳಿದು, ಹದಿನೈದು ಇಪ್ಪತ್ತು ವರ್ಷ ಒಳಗೊಳಗೇ ಬೆಳೆದು ಕ್ಯಾನ್ಸರ್ ಆಗುತ್ತೆ. ಹತ್ತರಲ್ಲಿ ಏಳು ಪಾಲು ಈ ವೈರಸ್ಸಿನ 16 ಮತ್ತು 18ನೇ ಬಗೆಯಿಂದ ಬರುವಂಥದ್ದು. ಎರಡಕ್ಕೂ ಲಸಿಕೆ ಇದೆ. ಸ್ಕಾಟ್ಲೆಂಡಿನಲ್ಲಿ ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಪೂರ್ತಿ ಲಸಿಕೆ ಪಡೆದ ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಈ ಕ್ಯಾನ್ಸರ್ ಕಾಣಲಿಲ್ಲ ಅಂತ 2024ರಲ್ಲಿ ಅಲ್ಲಿನವರು ಲೆಕ್ಕ ಕೊಟ್ಟರು.

ಇಂದಿರಾನಗರದ ನೂರಡಿ ರಸ್ತೆಯ ಮನೆಗಳಿಗೆ ಈ ಸುದ್ದಿ ಯಾವಾಗಲೋ ಮುಟ್ಟಿದೆ. ಸಾವಿರಾರು ರೂಪಾಯಿ ಕೊಟ್ಟು ಮಕ್ಕಳಿಗೆ ಹಾಕಿಸಿಕೊಂಡು ಬರ್ತಾರೆ. ಆ ಮನೆಗಳಲ್ಲಿ ಪಾತ್ರೆ ತಿಕ್ಕಲು ಹಲಸೂರಿನ ಓಣಿಯಿಂದ ಹೋಗುವ ತಾಯಿಗೆ ಲಸಿಕೆಯ ಹೆಸರೂ ಗೊತ್ತಿಲ್ಲ. ಊರ ಕಡೆಯ ಕೇರಿಯ ಮಾತು ಕೇಳಲೇಬೇಡಿ.

ಗೊತ್ತಾದರೂ ನಮ್ಮ ಜನ ಹೆದರ್ತಾರೆ. ಅದನ್ನ ಮೌಢ್ಯ ಅಂತ ನಗುವವರು ಖಮ್ಮಂ ಕಥೆ ಕೇಳಬೇಕು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ, ಗುಜರಾತಿನ ವಡೋದರದಲ್ಲಿ ಪಾಥ್ ಎಂಬ ಅಮೆರಿಕದ ಸಂಸ್ಥೆ ಸರ್ಕಾರದವರ ಜೊತೆ ಸೇರಿ ಸಾವಿರಾರು ಹುಡುಗಿಯರಿಗೆ ಈ ಲಸಿಕೆ ಹಾಕಿಸಿತು. ಖಮ್ಮಂನಲ್ಲಿ ಬಹಳ ಮಂದಿ ಹಾಸ್ಟೆಲಿನಲ್ಲಿದ್ದ ಆದಿವಾಸಿ ಮಕ್ಕಳು. ಏಳು ಹುಡುಗಿಯರು ಸತ್ತರು. 2010ರಲ್ಲಿ ಕಾರ್ಯಕ್ರಮ ನಿಂತಿತು. ಆ ಸಾವುಗಳಿಗೆ ಲಸಿಕೆಯೇ ಕಾರಣ ಅಂತ ವಿಚಾರಣೆಯಲ್ಲಿ ಕಂಡುಬರಲಿಲ್ಲ. ಕಂಡದ್ದು ಬೇರೆ. ಆಂಧ್ರದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದವರು ಹಾಸ್ಟೆಲ್ ವಾರ್ಡನ್‌ಗಳು, 1,948ರಲ್ಲಿ ಬರೀ ಹೆಬ್ಬೆಟ್ಟು ಅಂತ ಸಂಸತ್ತಿನ ಸಮಿತಿ 2013ರಲ್ಲಿ ಬರೆಯಿತು.

ಹೆಬ್ಬೆಟ್ಟು ಅಂದರೆ ನಮಗೆ ಗೊತ್ತು. ಏನು ಬರೆದಿದೆ ಅಂತ ಹೇಳದೆ ಒತ್ತಿಸಿಕೊಂಡ ಹೆಬ್ಬೆಟ್ಟಿನಲ್ಲೇ ನಮ್ಮ ತಾತಂದಿರ ಹೊಲ ಹೋಯಿತು, ಮಕ್ಕಳು ಜೀತಕ್ಕೆ ಹೋದರು. ಖಮ್ಮಂನ ತಪ್ಪು ಸೂಜಿಯದಲ್ಲ, ಸಹಿಯದು. ಆ ತಪ್ಪಿಗೆ ಹೆದರಿ ಲಸಿಕೆಯನ್ನೇ ಬಿಟ್ಟರೆ ಸಾಯುವವರು ಮತ್ತೆ ನಮ್ಮವರೇ.

ಕರ್ನಾಟಕ ಸರ್ಕಾರ 2025ರ ಬಜೆಟ್ಟಿನಲ್ಲಿ ಕಲ್ಯಾಣ ಕರ್ನಾಟಕದ ಮತ್ತು ಗಣಿಬಾಧಿತ ತಾಲ್ಲೂಕುಗಳ 14 ವರ್ಷದ ಹುಡುಗಿಯರಿಗೆ ಲಸಿಕೆ ಹಾಕುವ ಮಾತು ಕೊಟ್ಟಿತು. ಸರ್ಕಾರದ ಲಸಿಕೆ ಯಾವ ಊರಿಗೆ, ಯಾವ ಹಾಸ್ಟೆಲಿಗೆ ಬಂದರೂ ನಾವು ಬಾಗಿಲಲ್ಲೇ ಕೇಳೋಣ. ಪತ್ರ ಕನ್ನಡದಲ್ಲಿರಲಿ, ದಂಡಿನ ಕಡೆ ತಮಿಳು, ಉರ್ದು, ತೆಲುಗಿನಲ್ಲೂ ಇರಲಿ. ತಾಯಿತಂದೆಯನ್ನ ಕೂರಿಸಿ ಓದಿ ಹೇಳಲಿ. ಸಹಿ ಅವರದೇ ಆಗಲಿ, ವಾರ್ಡನ್ ಸಹಿ ಬೇಡ. ಹಾಕಿದ ಮೇಲೆ ಮಗುವಿಗೆ ಏನಾದರೂ ಆದರೆ ಯಾರ ಬಳಿ ಹೋಗಬೇಕು ಅಂತ ಬರೆದು ಕೊಡಲಿ. ಮೂವತ್ತು ದಾಟಿದ ತಾಯಂದಿರಿಗೆ ಗರ್ಭಕಂಠದ ತಪಾಸಣೆಯನ್ನೂ ಮಾಡಲಿ. ಇರುವ ಕಾಯಿಲೆಯನ್ನ ಲಸಿಕೆ ವಾಸಿ ಮಾಡಲ್ಲ.

ಓದಿ ಹೇಳುವವರು ಬಾರದಿದ್ದರೆ? ನಾವಿದ್ದೇವಲ್ಲ! ನಮ್ಮ ಮನೆಗಳಲ್ಲಿ ಅಕ್ಷರ ಕಲಿತ ಮೊದಲಿಗರು ನಾವು. ಹಬ್ಬಕ್ಕೆ ಊರಿಗೆ ಹೋದಾಗ ಅವ್ವನ ಪಕ್ಕ ಕೂತು ಹೇಳೋಣ. 9ರಿಂದ 14 ಇದಕ್ಕೆ ಒಳ್ಳೆ ವಯಸ್ಸು. 20ರವರೆಗೂ ಒಂದು ಇಲ್ಲವೆ ಎರಡು ಡೋಸ್ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ತೋಳು ನೋಯಬಹುದು, ಜ್ವರ ಬರಬಹುದು, ಕೆಲವರಿಗೆ ತಲೆ ಸುತ್ತಬಹುದು. ಹಾಕಿಸಿಕೊಂಡು ಕಾಲು ಗಂಟೆ ಅಲ್ಲೇ ಕೂರಬೇಕು. ಮಕ್ಕಳಾಗಲ್ಲ ಅನ್ನೋದು ಸುಳ್ಳು.

ಹುಡುಗರಿಗೆ ಒಂದು ಮಾತು. ಈ ವೈರಸ್ಸನ್ನ ಗಂಡಸರೂ ಹೊತ್ತು ತರ್ತಾರೆ. ಲಸಿಕೆ ಹಾಕಿಸಿಕೊಂಡ ಹುಡುಗಿಯನ್ನ 'ಇವಳಿಗ್ಯಾಕೆ ಇದು' ಅಂತ ಆಡಿಕೊಳ್ಳುವವನು ನಮ್ಮ ಸಭೆಯಲ್ಲಿ ಎಷ್ಟೇ ಕ್ರಾಂತಿಗೀತೆ ಹಾಡಲಿ, ಅವನು ನಮ್ಮವನಲ್ಲ.

ಇದು ಚಳವಳಿಯ ಕೆಲಸವೇ ಅಂತ ಕೇಳುವವರೂ ಇದ್ದಾರೆ. ಸಾವಿತ್ರಿಬಾಯಿ ಫುಲೆ 1897ರಲ್ಲಿ ಪುಣೆಯ ಪ್ಲೇಗಿನಲ್ಲಿ ರೋಗಿಗಳನ್ನ ನೋಡಿಕೊಳ್ತಾ ಅದೇ ಪ್ಲೇಗಿಗೆ ಪ್ರಾಣ ಕೊಟ್ಟರು. ಅಕ್ಷರ ಕೊಟ್ಟ ತಾಯಿಗೆ ಆ ಕೆಲಸ ಬೇರೆ, ಈ ಕೆಲಸ ಬೇರೆ ಅನ್ನಿಸಲಿಲ್ಲ.

ಅವ್ವ ಹೆಬ್ಬೆಟ್ಟು ಒತ್ತಲಿ. ಅದಕ್ಕೆ ಮೊದಲು ಅವಳ ಮಗನೋ ಮಗಳೋ ಆ ಕಾಗದವನ್ನ ಮೊದಲಿಂದ ಕೊನೆಯವರೆಗೆ ಓದಿ ಹೇಳಿರಲಿ.

ಜೈಭೀಮ್.